ಪಣಂಬೂರಿಗೆ ನಾನು ಕಳುಹಿಸಿದ ಹುಡುಗಿ

ಮಾರ್ಚ್ ತಿಂಗಳು ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಮಹಿಳಾ ದಿನಾಚರಣೆಗೆ ಭಾಷಣ ಮಾಡಲು ಬ್ಯಾಂಕಿನವರು ಕರೆಯುತ್ತಾರೆ, ಆಸ್ಪತ್ರೆಯವರು ಕರೆಯುತ್ತಾರೆ, ಒಮ್ಮೆ ಚಿನ್ನದಂಗಡಿಯವರೂ ಕರೆದಿದ್ದರು. ನಾನು ಮಂಗಳೂರಿನ ಒಂದು ಮ್ಯಾನೇಜ್‌ಮೆಂಟ್ ಕಾಲೇಜಿನ ಡೀನ್. ಕೆಲಸದ ಜಾಗದಲ್ಲಿ ಹೆಂಗಸರು ಹೇಗೆ ಮೇಲೆ ಬರಬೇಕು ಎನ್ನುವುದೇ ನಾನು ಪಾಠ ಹೇಳಿದ ವಿಷಯ, ಸಂಶೋಧನೆ ಮಾಡಿದ ವಿಷಯ. ಈ ಊರಿನಲ್ಲಿ ನಾಲ್ಕು ಜನಕ್ಕೆ ನನ್ನ ಪರಿಚಯವಾದದ್ದೂ ಅದರಿಂದಲೇ. ಶಾಲು, ಹಣ್ಣಿನ ಬುಟ್ಟಿ, ಗಾಜಿನ ಸ್ಮರಣಿಕೆ ಹಿಡಿದುಕೊಂಡು ಮನೆಗೆ ಬಂದರೆ ನನ್ನ ಗಂಡ, "ಇವತ್ತು ಎಷ್ಟು ಜನರನ್ನು ಮೇಲೆ ತಂದೆ?" ಎಂದು ತಮಾಷೆ ಮಾಡುತ್ತಿದ್ದರು.

ಈಚೆಗೆ ನಾನು ಅಂಥ ಕಾರ್ಯಕ್ರಮಗಳನ್ನು ಒಪ್ಪಿಕೊಳ್ಳುತ್ತಿಲ್ಲ. ಮೊಣಕಾಲು ನೋವು ಎಂದು ಹೇಳುತ್ತೇನೆ. ನೋವು ಇರುವುದು ಸುಳ್ಳಲ್ಲ. ಆದರೆ ವೇದಿಕೆ ಹತ್ತಲಾರದಷ್ಟು ಇಲ್ಲ. ಮೈಕಿನ ಮುಂದೆ ನಿಂತ ಕೂಡಲೇ ನನ್ನ ಒಬ್ಬ ವಿದ್ಯಾರ್ಥಿನಿಯ ಮುಖ ಎದುರಿಗೆ ಬರುತ್ತದೆ, ಮಾತು ಮುಂದಕ್ಕೆ ಹೋಗುವುದಿಲ್ಲ.

ಅವಳ ಕಥೆ ಹೇಳುವ ಮೊದಲು ನನ್ನದು ಸ್ವಲ್ಪ ಹೇಳಬೇಕು. ನಾನು ಕಾಲೇಜಿಗೆ ಸೇರಿದ ಕಾಲಕ್ಕೆ ವಿಭಾಗದಲ್ಲಿ ನಾನೊಬ್ಬಳೇ ಹೆಂಗಸು. ಸುರತ್ಕಲ್‌ನಿಂದ ಒಳಗಿದ್ದ ನಮ್ಮ ಗದ್ದೆಮನೆಯಿಂದ ಹೆದ್ದಾರಿಯ ತನಕ ನಡೆದು, ಬಸ್ಸು ಹಿಡಿದು, ಹಂಪನಕಟ್ಟೆಯಲ್ಲಿ ಇಳಿದು ಮತ್ತೊಂದು ಬಸ್ಸು ಹತ್ತಿ ಬರುತ್ತಿದ್ದೆ. ಕಾಲೇಜಿನಲ್ಲಿ ಹೆಂಗಸರ ಶೌಚಾಲಯ ಇದ್ದದ್ದು ಇನ್ನೊಂದು ಕಟ್ಟಡದ ಹಿಂದೆ. ಅದರ ಕೀಲಿಕೈಯನ್ನು ಒಂದು ಮರದ ತುಂಡಿಗೆ ಕಟ್ಟಿ ಆಫೀಸಿನ ಗುಮಾಸ್ತರ ಮೇಜಿನ ಮೇಲೆ ಇಡುತ್ತಿದ್ದರು. ಅದನ್ನು ಕೇಳಿ ಪಡೆದು, ಆ ಮರದ ತುಂಡನ್ನು ಕೈಯಲ್ಲಿ ಹಿಡಿದು ಅಂಗಳ ದಾಟುವುದೆಂದರೆ ಇಡೀ ಕಾಲೇಜಿಗೆ ಡಂಗುರ ಸಾರಿದ ಹಾಗೆ. ನಾನು ಹೋಗುವುದನ್ನೇ ಬಿಟ್ಟೆ. ಬೆಳಿಗ್ಗೆ ಮನೆಯಲ್ಲಿ ಒಂದು ಲೋಟ ಗಂಜಿತಿಳಿ ಕುಡಿದರೆ ಸಂಜೆ ಮನೆಗೆ ಬರುವ ತನಕ ಗಂಟಲಿಗೆ ಹನಿ ನೀರಿಲ್ಲ. ಗಂಟೆಗಟ್ಟಲೆ ನಡೆಯುವ ಸಭೆಗಳಲ್ಲಿ ಗಂಡಸರು ನಡುವೆ ಎದ್ದು ಹೋಗಿ ಬರುತ್ತಿದ್ದರು. ನಾನು ಕಾಲ ಮೇಲೆ ಕಾಲು ಹಾಕಿ ಕೂತೇ ಇರುತ್ತಿದ್ದೆ.

ಒಮ್ಮೆ ವಿಭಾಗದ ಮುಖ್ಯಸ್ಥರು ಎಲ್ಲರ ಎದುರು ಹೇಳಿದರು: "ಈ ಮೇಡಂ ಒಂದು ದಿನವೂ ಹೆಣ್ಣು ಅಂತ ರಿಯಾಯಿತಿ ಕೇಳಿದವರಲ್ಲ." ಅಂದು ಬಸ್ಸಿನಲ್ಲಿ ಕಿಟಕಿಯ ಬಳಿ ಕೂತು ಆ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡು ನಕ್ಕಿದ್ದು ನನಗೆ ಇವತ್ತಿಗೂ ನೆನಪಿದೆ. ಮುಂದೆ ಅದೇ ನನ್ನ ಪಾಠವಾಯಿತು. ಎಲ್ಲಿಗಾದರೂ ಮೊದಲಿಗಳಾಗಿ ಹೋಗುವವಳು ರಿಯಾಯಿತಿ ಕೇಳಬಾರದು, ಕೇಳಿದರೆ ಹಿಂದಿನಿಂದ ಬರುವ ಹುಡುಗಿಯರಿಗೆ ಬಾಗಿಲು ಮುಚ್ಚಿದ ಹಾಗೆ ಎಂದು ಪ್ರತಿ ವರ್ಷವೂ ಹೇಳುತ್ತಿದ್ದೆ. ಹುಡುಗಿಯರು ಬರೆದುಕೊಳ್ಳುತ್ತಿದ್ದರು. ಹುಡುಗರೂ ಬರೆದುಕೊಳ್ಳುತ್ತಿದ್ದರು ಎಂಬುದು ಆಗ ನನ್ನ ಗಮನಕ್ಕೆ ಬಂದಿರಲಿಲ್ಲ.

ನಾನು ಡೀನ್ ಆದ ಮೇಲೆ ಬಂದ ಬ್ಯಾಚಿನಲ್ಲಿ ಈ ಹುಡುಗಿ ಇದ್ದಳು. ಸುರತ್ಕಲ್ ಕಡೆಯ ಕಡಲ ತೀರದವಳು. ಅಪ್ಪ ಬೋಟಿನಲ್ಲಿ ಮೀನು ಹಿಡಿಯಲು ಹೋಗುತ್ತಿದ್ದರು, ಹೋದರೆ ಎಷ್ಟೋ ದಿನ ಬರುತ್ತಿರಲಿಲ್ಲ. ಅಮ್ಮ ಮೀನಿನ ವ್ಯಾಪಾರ ಮಾಡುತ್ತಿದ್ದರು. ಮನೆಯಲ್ಲಿ ಇವಳು ದೊಡ್ಡವಳು, ಕೆಳಗೆ ಒಬ್ಬಳು ತಂಗಿ. ಅವಳದು ಗಟ್ಟಿ ಗಂಟಲು. ತರಗತಿಯಲ್ಲಿ ಪಿಸುಗುಟ್ಟಿದರೂ ಹಿಂದಿನ ಬೆಂಚಿಗೆ ಕೇಳುತ್ತಿತ್ತು, ಅದಕ್ಕಾಗಿ ಎಷ್ಟೋ ಸಲ ಬೈಸಿಕೊಂಡಿದ್ದಾಳೆ. ಕಾಲೇಜಿನ ಹಬ್ಬಕ್ಕೆ ಕುರ್ಚಿ ತಂದ ಟೆಂಪೋದವನು ಅರ್ಧಕ್ಕರ್ಧ ಮುರಿದ ಕುರ್ಚಿಗಳನ್ನು ಇಳಿಸಿ ಹೊರಟಾಗ, ಚೂಡಿದಾರದ ಶಾಲನ್ನು ಸೊಂಟಕ್ಕೆ ಕಟ್ಟಿ ಟೆಂಪೋದ ಮೇಲೆ ಹತ್ತಿ ನಿಂತವಳು ಇವಳೇ. "ಇದನ್ನೆಲ್ಲ ವಾಪಸ್ ತುಂಬಿಸಿ ಮಾರಾಯ್ರೆ, ಇಲ್ಲದಿದ್ರೆ ನಾನು ಇಳಿಯುದಿಲ್ಲ" ಎಂದಳು. ಆತ ತುಂಬಿಸಿಕೊಂಡು ಹೋಗಿ ಒಳ್ಳೆಯದನ್ನು ತಂದ. ಮಾಳಿಗೆಯ ಜಗಲಿಯಲ್ಲಿ ನಿಂತು ನೋಡುತ್ತಿದ್ದ ನನಗೆ ಅಂದೇ ಅನ್ನಿಸಿತು, ಇವಳನ್ನು ಆಫೀಸಿನ ಕುರ್ಚಿಗೆ ಕಳುಹಿಸಬಾರದು ಎಂದು.

ಕೊನೆಯ ವರ್ಷ ಪಣಂಬೂರಿನ ಬಂದರಿನ ಬಳಿ ಕಂಟೇನರ್ ಯಾರ್ಡ್ ನಡೆಸುವ ಒಂದು ಕಂಪನಿಯವರು ಕೆಲಸಕ್ಕೆ ಆಯ್ಕೆ ಮಾಡಲು ಬಂದರು. ಹಡಗಿನಿಂದ ಇಳಿದ ಪೆಟ್ಟಿಗೆಗಳನ್ನು ಜೋಡಿಸಿಟ್ಟು, ಲಾರಿಗಳಿಗೆ ಹತ್ತಿಸಿ ಕಳುಹಿಸುವ ಜಾಗ ಅದು. ಶಿಫ್ಟ್ ಸೂಪರ್‌ವೈಸರ್ ಕೆಲಸ. ಹುಡುಗರು ಮಾತ್ರ ಸಾಕು ಎಂದರು. ನಾನು ಬಿಡಲಿಲ್ಲ. ಇಲ್ಲಿನ ಯಾರ್ಡಿನ ಮುಖ್ಯಸ್ಥ ನನ್ನ ಹಳೆಯ ವಿದ್ಯಾರ್ಥಿಯೇ. ಅವನನ್ನು ಕರೆಸಿ ಕೂರಿಸಿಕೊಂಡೆ.

"ಲಾರಿಯವರ ಜೊತೆ ಕೆಲಸ ಮೇಡಂ. ಹುಡುಗಿಯರಿಗೆ ಆಗ್ಲಿಕ್ಕಿಲ್ಲ" ಎಂದ.

"ಆಗ್ಲಿಕ್ಕಿಲ್ಲ ಅಂತ ಯಾರು ನೋಡಿದ್ದು? ಒಬ್ಬಳನ್ನು ತಗೊಂಡು ನೋಡು" ಎಂದೆ.

ಅವನು ಮೇಲಿನವರಿಗೆ ಫೋನು ಮಾಡಿ ಒಪ್ಪಿಸಿದ. ಗೆದ್ದ ಸಂತೋಷದಲ್ಲಿ ಹುಡುಗಿಯನ್ನು ಕರೆಸಿದೆ. ಅವಳು ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೆರಳು ಮುರಿಯುತ್ತ ನಿಂತಳು.

"ನನಗೆ ಹಂಪನಕಟ್ಟೆಯಲ್ಲಿ ಆ ಫೈನಾನ್ಸಿನವರದ್ದು ಸಿಕ್ಕಿದೆ ಅಲ್ವಾ ಮೇಡಂ, ಅದೇ ಸಾಕು ಅಂತ ಕಾಣ್ತದೆ."

"ಅಲ್ಲಿ ಕೂತು ಎಂತ ಕಲಿಯುದು ನೀನು? ಇದಕ್ಕೆ ಇಲ್ಲಿಯ ತನಕ ಒಬ್ಬ ಹುಡುಗಿಯೂ ಹೋದದ್ದಿಲ್ಲ, ಗೊತ್ತುಂಟಾ?"

"ಅಮ್ಮನಲ್ಲಿ ಕೇಳ್ತೇನೆ."

"ಅಮ್ಮನಲ್ಲಿ ನಾನೇ ಮಾತಾಡ್ತೇನೆ" ಎಂದು ಅವಳ ಕೈಯಿಂದಲೇ ನಂಬರು ಒತ್ತಿಸಿದೆ. ನಾವಿಬ್ಬರೂ ತುಳುವಿನಲ್ಲಿ ಮಾತನಾಡಿದೆವು. ಆ ತಾಯಿ ಹೆಚ್ಚೇನೂ ಕೇಳಲಿಲ್ಲ. "ನೀವು ಹೇಳಿದ ಮೇಲೆ ಎಂತ ಉಂಟು ಮೇಡಂ? ನಿಮಗೆ ಗೊತ್ತಿಲ್ಲದ್ದು ನಮಗೆ ಗೊತ್ತುಂಟಾ?" ಎಂದರು. ನಾನು ನೋಡಿದ್ದು ಆ ಕೆಲಸದ ವಿವರ ಬರೆದಿದ್ದ ಎರಡು ಹಾಳೆ. ಯಾರ್ಡಿನೊಳಗೆ ಕಾಲಿಟ್ಟವಳಲ್ಲ.

ಅವಳು ಸೇರಿದಳು. ಹಳದಿ ಹೆಲ್ಮೆಟ್ಟು, ಕಿತ್ತಳೆ ಜಾಕೆಟ್ಟು, ಹಿಂದೆ ಕೆಂಪು ನೀಲಿ ಕಂಟೇನರುಗಳ ಗೋಡೆ. ಆ ಫೋಟೋವನ್ನು ದೊಡ್ಡದು ಮಾಡಿಸಿ ಕಾಲೇಜಿನ ಬಾಗಿಲಲ್ಲಿ ನಿಲ್ಲಿಸಿದೆವು. ಕೆಳಗೆ 'ದಾರಿ ತೆರೆದವಳು' ಎಂದು ಬರೆಸಿದ್ದು ನಾನೇ. ಭಾಷಣಗಳಲ್ಲಿ ಪರದೆಯ ಮೇಲೆ ಅದನ್ನು ತೋರಿಸುತ್ತಿದ್ದೆ. ಅದು ಬಂದ ಕೂಡಲೇ ಚಪ್ಪಾಳೆ ಬೀಳುತ್ತಿತ್ತು. ಚಪ್ಪಾಳೆ ನಿಲ್ಲುವ ತನಕ ನಾನು ಸುಮ್ಮನೆ ನಿಂತಿರುತ್ತಿದ್ದೆ.

ಅವಳ ಫೋನು ಬಂದದ್ದೂ ಅಂಥದೇ ಒಂದು ದಿನ. ನಗರದ ಒಂದು ಹೋಟೆಲಿನಲ್ಲಿ ಕಾರ್ಯಾಗಾರ. ನನ್ನ ಮಾತು ಮುಗಿದು ಊಟದ ಹೊತ್ತು. ತಟ್ಟೆ ಒಂದು ಕೈಯಲ್ಲಿ, ಫೋನು ಕಿವಿಗೆ.

"ಮೇಡಂ, ಅಲ್ಲಿ ಸ್ವಲ್ಪ ಕಷ್ಟ ಉಂಟು."

"ಎಂತ ಕಷ್ಟ? ಯಾರಾದ್ರೂ ಎಂತಾದ್ರೂ ಹೇಳಿದ್ರಾ?"

"ಇಲ್ಲ, ಎಲ್ಲ ಒಳ್ಳೆಯವರೇ. ಲಾರಿಯವರೆಲ್ಲ ಅಕ್ಕ ಅಕ್ಕ ಅಂತಾರೆ." ಆಮೇಲೆ ಆ ಗಟ್ಟಿ ಗಂಟಲಿನ ಹುಡುಗಿ ಕೇಳಿಯೂ ಕೇಳಿಸದ ಹಾಗೆ ಹೇಳಿದಳು: "ಯಾರ್ಡಲ್ಲಿ ಹುಡುಗಿಯರಿಗೆ ಅಂತ ವ್ಯವಸ್ಥೆ ಇಲ್ಲ ಮೇಡಂ. ಸೆಕೆಂಡ್ ಶಿಫ್ಟಲ್ಲಿ ಭಾರೀ ಕಷ್ಟ ಆಗ್ತದೆ."

ನನಗೆ ಅರ್ಥವಾಗಲಿಲ್ಲ ಎಂದು ಹೇಳುವ ಹಾಗಿಲ್ಲ. ಆ ಮರದ ತುಂಡಿಗೆ ಕಟ್ಟಿದ ಕೀಲಿಕೈ ಕಣ್ಣ ಮುಂದೆ ಬಂದುಹೋಯಿತು. ಅವಳು ಇನ್ನೊಂದು ಶಬ್ದ ಹೇಳುವ ಮೊದಲೇ ನನಗೆ ಎಲ್ಲವೂ ತಿಳಿದಿತ್ತು. ತಿಳಿದೇ ಹೇಳಿದೆ: "ಸುರುವಿನಲ್ಲಿ ಇದೆಲ್ಲ ಇದ್ದದ್ದೇ. ನಾನೂ ಇದೇ ಕಷ್ಟದಲ್ಲಿ ಬಂದವಳು. ನೀನು ಈಗಲೇ ಅದು ಬೇಕು ಇದು ಬೇಕು ಅಂತ ಕೇಳಿದ್ರೆ, ಹುಡುಗಿಯರನ್ನು ತಗೊಂಡ್ರೆ ಇದೇ ತಾಪತ್ರಯ ಅಂತಾರೆ. ಮುಂದಿನ ವರ್ಷ ಇನ್ನೊಬ್ಬಳನ್ನು ತಗೊಳ್ಳುದಿಲ್ಲ. ಒಂದು ವರ್ಷ ತಡ್ಕೊ."

"ಆಯ್ತು ಮೇಡಂ" ಎಂದಳು.

ಯಾರೋ ನನ್ನ ತಟ್ಟೆಗೆ ಸಿಹಿ ಬಡಿಸಿದರು. ನಾನು ಫೋನನ್ನು ಚೀಲಕ್ಕೆ ಹಾಕಿದೆ. ಅವಳು ಮತ್ತೆ ಫೋನು ಮಾಡಲಿಲ್ಲ. ಹೊಂದಿಕೊಂಡಳು ಎಂದುಕೊಂಡೆ.

ಅವಳು ಆಸ್ಪತ್ರೆಯಲ್ಲಿದ್ದಾಳೆಂದು ಅವಳ ಸಹಪಾಠಿಯೊಬ್ಬಳು ಹೇಳಿದ ದಿನ ನನ್ನ ಕೋಣೆಯಲ್ಲಿ ಯಾವುದೋ ಸಭೆ ನಡೆಯುತ್ತಿತ್ತು. ಮುಗಿಸಿಯೇ ಹೋದೆ, ಅದನ್ನೂ ಇಲ್ಲಿ ಹೇಳಿಬಿಡಬೇಕು. ವಾರ್ಡಿನಲ್ಲಿ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೈಗೆ ಡ್ರಿಪ್ಪು. ಜ್ವರ ಬಂದು ಚಳಿಗೆ ನಡುಗುತ್ತ ಯಾರ್ಡಿನ ಆಫೀಸಿನಲ್ಲೇ ಕುಸಿದಿದ್ದಳಂತೆ. ರೌಂಡ್ಸಿಗೆ ಬಂದ ಡಾಕ್ಟರು ನಮ್ಮೆಲ್ಲರ ಮುಂದೆಯೇ ಗದರಿದರು: "ನೀರು ಕುಡಿಯುದಿಲ್ಲ, ಮೂತ್ರ ತಡ್ಕೊಳ್ಳುದು, ಸೋಂಕು ಆದ್ರೂ ಯಾರಿಗೂ ಹೇಳುದಿಲ್ಲ. ಈಗ ನೋಡಿ, ಕಿಡ್ನಿಗೆ ಹೋಗಿದೆ. ಕಲಿತ ಹುಡುಗಿಯರೇ ಹೀಗೆ ಮಾಡಿದ್ರೆ ಹೇಗೆ?"

'ತಡ್ಕೊ' ಎಂಬ ನನ್ನದೇ ಶಬ್ದವನ್ನು ಅವರ ಬಾಯಲ್ಲಿ ಕೇಳಿದೆ.

ಅವಳ ತಾಯಿಯನ್ನು ನಾನು ನೋಡಿದ್ದು ಅದೇ ಮೊದಲು. ಎದ್ದು ತಮ್ಮ ಸ್ಟೂಲನ್ನು ನನಗೆ ಕೊಟ್ಟು, ಬೇಡವೆಂದರೂ ಕೇಳದೆ ಕ್ಯಾಂಟೀನಿನಿಂದ ಚಹಾ ತರಿಸಿದರು. "ಇಷ್ಟು ಕೆಲಸ ಬಿಟ್ಟು ನೀವು ಬಂದ್ರಲ್ಲ ಮೇಡಂ" ಎಂದು ಕಣ್ಣು ಒರೆಸಿಕೊಂಡರು. "ದಿನಾ ಬಾಟ್ಲಿ ತುಂಬಿಸಿ ಕೊಡ್ತಿದ್ದೆ. ತುಂಬಿದ್ದು ತುಂಬಿದ ಹಾಗೇ ವಾಪಸ್ ಬರ್ತಿತ್ತು. ಕುಡಿಯೇ ಅಂತ ಹೇಳಿ ಹೇಳಿ ಸಾಕಾಯ್ತು. ಮೊದಲಿಂದಲೂ ಹಟ ಇವಳಿಗೆ. ಸ್ವಲ್ಪ ನೀವಾದ್ರೂ ಬೈಯಿರಿ."

ನಾನು ಆ ಚಹಾ ಕುಡಿದೆ. ಬೈಯಲಿಲ್ಲ ಎಂಬುದೊಂದೇ ಅಂದು ನಾನು ಮಾಡಿದ ಒಳ್ಳೆಯ ಕೆಲಸ. ನಿಮ್ಮ ಮಗಳು ನೀರು ಕುಡಿಯದಿದ್ದದ್ದು ಹಟಕ್ಕಲ್ಲ, ನಾನು ಹೇಳಿದ್ದಕ್ಕೆ ಎಂಬ ಮಾತು ತುಳುವಿನಲ್ಲಿ ಸಿದ್ಧವಾಗಿ ಬಾಯಿಯ ತನಕ ಬಂದಿತ್ತು. ಅಷ್ಟರಲ್ಲಿ ನರ್ಸು ಚೀಟಿ ಕೊಟ್ಟರು. ತಾಯಿ ಔಷಧಿ ತರಲು ಕೆಳಗೆ ಇಳಿದರು.

ಹುಡುಗಿ ಈ ಕಡೆ ಹೊರಳಿದಳು. ತುಟಿ ಒಡೆದು ಬಿಳಿಚಿಕೊಂಡಿತ್ತು.

"ತಪ್ಪಾಯ್ತು ಮಗಾ" ಎಂದೆ.

"ನೀವು ಹೇಳಿದ್ದು ಸರಿ ಅಂತ್ಲೇ ನಾನೂ ಅಂದ್ಕೊಂಡಿದ್ದೆ ಮೇಡಂ" ಎಂದಳು. ಅದರಲ್ಲಿ ಚುಚ್ಚುವ ಧ್ವನಿ ಇರಲಿಲ್ಲ. ಆಮೇಲೆ, "ನಾನು ನಿಮಗೆ ಫೋನ್ ಮಾಡಿದ್ದು ಅಮ್ಮನಿಗೆ ಹೇಳ್ಬೇಡಿ" ಎಂದಳು.

"ಯಾಕೆ?"

"ಗೊತ್ತಾದ್ರೆ ಇನ್ನು ಯಾವ ಕೆಲಸಕ್ಕೂ ಬಿಡುದಿಲ್ಲ. ಯಾರ ಮಾತೂ ನಂಬುದಿಲ್ಲ. ತಂಗಿಗೂ ಕಷ್ಟ ಆಗ್ತದೆ."

"ಹೇಳುದಿಲ್ಲ" ಎಂದೆ. ಹಾಗೆ ಹೇಳುವಾಗ ನನ್ನ ಎದೆ ಹಗುರವಾಯಿತು. ಅವಳು ತನ್ನ ಕೆಲಸ ಉಳಿಸಿಕೊಳ್ಳಲು ಕೇಳಿದ ಮಾತು ನನ್ನ ಮರ್ಯಾದೆಯನ್ನೂ ಉಳಿಸಿತ್ತು. ಆ ಹಗುರವನ್ನು ನೆನೆದರೆ ಫೋನಿನಲ್ಲಿ ಆಡಿದ ಮಾತಿಗಿಂತಲೂ ಹೆಚ್ಚು ನಾಚಿಕೆಯಾಗುತ್ತದೆ.

ಮರುದಿನ ಯಾರ್ಡಿಗೆ ಹೋದೆ. ಗೇಟಿನ ಹೊರಗೆ ಲಾರಿಗಳ ಸಾಲು, ಒಳಗೆ ಕೆಂಧೂಳು. ಕಂಟೇನರುಗಳ ನಡುವೆ ಗಾಳಿಯೂ ಆಡುವುದಿಲ್ಲ, ಕಬ್ಬಿಣದ ಕಾವು ಮುಖಕ್ಕೆ ಹೊಡೆಯುತ್ತದೆ. ನನ್ನ ಹಳೆಯ ವಿದ್ಯಾರ್ಥಿ ಗೇಟಿನ ತನಕ ಬಂದು ಕರೆದುಕೊಂಡು ಹೋಗಿ, ಯಾರ್ಡಿನ ಮಧ್ಯದ ಕ್ಯಾಬಿನಿನಲ್ಲಿ ಕೂರಿಸಿ ಎಳನೀರಿನ ಬೊಂಡ ಕೊಟ್ಟ. ಹುಡುಗಿಯನ್ನು ಬಾಯಿ ತುಂಬ ಹೊಗಳಿದ. ಲಾರಿಯವರ ಜಗಳವನ್ನು ಅವಳು ಬಿಡಿಸುವ ಹಾಗೆ ಇನ್ನು ಯಾರಿಗೂ ಬರುವುದಿಲ್ಲ ಎಂದ. ನಾನು ಬೇಕೆಂದೇ ಬೊಂಡವನ್ನು ಪೂರ್ತಿ ಕುಡಿದೆ, ಆಮೇಲೆ ಕುಡಿಯುವ ನೀರನ್ನೂ ಕೇಳಿ ಕುಡಿದೆ. ಸ್ವಲ್ಪ ಹೊತ್ತು ಬಿಟ್ಟು, "ನನಗೆ ಬಾತ್‌ರೂಮಿಗೆ ಹೋಗ್ಬೇಕಲ್ಲ" ಎಂದೆ.

ಅವನು ಗಡಿಬಿಡಿಗೊಂಡ. ಹೊರಗೆ ತಗಡಿನ ಒಂದು ಗೂಡು ಇತ್ತು, ಲಾರಿಯವರದು. ಬಾಗಿಲಿಗೆ ಚಿಲಕ ಇರಲಿಲ್ಲ, ಒಬ್ಬ ಒಳಗಿದ್ದರೆ ಇನ್ನೊಬ್ಬ ಹೊರಗೆ ನಿಂತು ಬಾಗಿಲು ಒತ್ತಿ ಹಿಡಿದಿದ್ದ. ಅಲ್ಲಿಗೆ ಡೀನ್ ಮೇಡಮ್ಮನ್ನು ಕಳುಹಿಸುವ ಹಾಗಿಲ್ಲ. "ಬನ್ನಿ ಮೇಡಂ" ಎಂದು ತನ್ನ ಕಾರನ್ನು ತರಿಸಿದ. ಗೇಟಿನಿಂದ ಹೊರಗೆ ಬಂದು, ಲಾರಿಗಳ ಸಾಲನ್ನು ದಾಟಿ, ಮುಖ್ಯ ಕಚೇರಿಯ ಕಟ್ಟಡಕ್ಕೆ ಹೋದೆವು. ಅಲ್ಲಿ ಹೆಂಗಸರ ಶೌಚಾಲಯ ಶುಚಿಯಾಗಿಯೇ ಇತ್ತು. ಸಂಜೆ ಕಚೇರಿ ಮುಚ್ಚಿದರೆ ಅದಕ್ಕೂ ಬೀಗ.

ಹಿಂದಿರುಗುವಾಗ ಕಾರಿನಲ್ಲಿ ಕೇಳಿದೆ: "ಅವಳಿಗೂ ಕಾರು ತರಿಸ್ತಿದ್ಯಾ?"

ಅವನು ಗಾಡಿ ನಿಲ್ಲಿಸಿದ. ಹಿಂದಿನಿಂದ ಲಾರಿಯವರು ಹಾರ್ನ್ ಹೊಡೆದರು. "ಅವಳು ಒಂದು ದಿನವೂ ಕೇಳ್ಲಿಲ್ಲ ಮೇಡಂ. ಕೇಳಿದ್ರೆ ನಾನು ಮಾಡಿಸದೆ ಇರ್ತಿದ್ನಾ? ನನಗೆ ಅದು ತಲೆಗೇ ಹೋಗ್ಲಿಲ್ಲ." ಅವನ ಮುಖ ನಿಜವಾಗಿ ಸಣ್ಣದಾಗಿತ್ತು. ಆಮೇಲೆ ಹೇಳಿದ: "ನಾನು ಎಲ್ಲ ಕಡೆ ಹೇಳ್ತಿದ್ದೆ, ನಮ್ಮ ಮೇಡಂ ಕ್ಲಾಸಲ್ಲಿ ಹೇಳಿದ ಹಾಗೇ ಉಂಟು ಈ ಹುಡುಗಿ, ಒಂದು ರಿಯಾಯಿತಿ ಕೇಳುದಿಲ್ಲ ಅಂತ."

ಅವನು ನನ್ನನ್ನು ನೋಯಿಸಲು ಹೇಳಿದ್ದಲ್ಲ. ಅವನ ಮೇಲೆ ಕೂಗಾಡಲು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ನನ್ನಲ್ಲೇ ಇಂಗಿಹೋಯಿತು. ಹುಡುಗಿಗೆ ಕೇಳಬೇಡ ಎಂದು ಕಲಿಸಿದವಳು ನಾನು, ಕೇಳದವಳೇ ಒಳ್ಳೆಯವಳು ಎಂದು ಇವನಿಗೆ ಕಲಿಸಿದವಳೂ ನಾನು. "ಕೇಳಿದ ಮೇಲೆ ಮಾಡುವ ಕೆಲಸ ಅಲ್ಲ ಇದು. ಅವಳು ಬರುವ ಮೊದಲೇ ಇರ್ಬೇಕಿತ್ತು. ನಾನೂ ಕೇಳ್ಬೇಕಿತ್ತು" ಎಂದಷ್ಟೇ ಹೇಳಿದೆ. ಅವನು ಮಾತಿಗೆ ತಪ್ಪಲಿಲ್ಲ. ಮಳೆಗಾಲ ಸುರುವಾಗುವ ಮೊದಲು ಕ್ಯಾಬಿನಿನ ಪಕ್ಕದಲ್ಲೇ ಶೌಚಾಲಯ ಕಟ್ಟಿಸಿ, ಮೇಲೆ ನೀರಿನ ಟ್ಯಾಂಕಿ ಇರಿಸಿ, ನನಗೆ ಫೋಟೋ ಕಳುಹಿಸಿದ.

ಕಾಲೇಜಿನ ಬಾಗಿಲಲ್ಲಿದ್ದ ಅವಳ ಚಿತ್ರವನ್ನು ತೆಗೆಸಲು ಹೇಳಿದೆ. ಆಡಳಿತ ಮಂಡಳಿಯವರು, "ಅಡ್ಮಿಷನ್ ಸಮಯ ಮೇಡಂ, ಹೆಣ್ಣು ಮಕ್ಕಳ ತಂದೆ ತಾಯಿ ಅದನ್ನೇ ನೋಡಿ ಬರುದು" ಎಂದರು. ಕಾರಣ ಹೇಳಿದ್ದರೆ ಆ ದಿನವೇ ತೆಗೆಯುತ್ತಿದ್ದರೇನೋ. ಹೇಳಲಿಲ್ಲ. ಅಡ್ಮಿಷನ್ ಮುಗಿಯುವ ತನಕ ನಾನು ಹಿಂದಿನ ಮೆಟ್ಟಿಲಿನಿಂದ ಓಡಾಡಿದೆ. ಮೊಣಕಾಲು ನೋವಿನವರು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುವುದೇಕೆ ಎಂದು ಜವಾನ ಕೇಳಿದ್ದ.

ಹುಡುಗಿ ಗುಣವಾಗಿ ಮತ್ತೆ ಯಾರ್ಡಿಗೆ ಹೋದಳು. ಆದರೆ ಹೆಚ್ಚು ದಿನ ನಿಲ್ಲಲಿಲ್ಲ. ರಾಜೀನಾಮೆ ಕೊಡುವ ಮೊದಲು ನನಗೆ ಫೋನು ಮಾಡಿದಳು. "ಈಗ ಎಲ್ಲ ಸರಿ ಉಂಟು ಮೇಡಂ. ಆದ್ರೆ ಆ ಗೇಟು ಕಂಡ್ರೆ ಹೊಟ್ಟೆ ಹಿಡೀತದೆ. ನನ್ನಿಂದ ಆಗುದಿಲ್ಲ." ಇನ್ನೂ ಸ್ವಲ್ಪ ದಿನ ನೋಡು ಎಂಬ ಮಾತು, ಅಷ್ಟೆಲ್ಲ ಆದ ಮೇಲೂ, ನನ್ನ ನಾಲಿಗೆಯ ತುದಿಗೆ ಬಂತು. ಕಚ್ಚಿಕೊಂಡೆ. "ಬಿಡು ಮಗಾ" ಎಂದೆ. ಅವಳಿಗೆ ಹಂಪನಕಟ್ಟೆಯ ಒಂದು ಶಿಪ್ಪಿಂಗ್ ಏಜೆಂಟರ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅದನ್ನು ಅವಳೇ ಹುಡುಕಿಕೊಂಡಳು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮುಂದಿನ ವರ್ಷ ಅಡ್ಮಿಷನ್ ಸಮಯದಲ್ಲಿ ಅವಳ ತಾಯಿ ನನ್ನ ಕೋಣೆಗೆ ಬಂದರು. ಜೊತೆಗೆ ಕಿರಿಯ ಮಗಳು. ಡಿಗ್ರಿ ಮುಗಿಸಿದ್ದಳು, ಅಕ್ಕನಷ್ಟು ಮಾತಿಲ್ಲ. ತಾಯಿ ನನಗಾಗಿ ಕಾಣೆ ಮೀನು ತಂದಿದ್ದರು. ಶುಚಿ ಮಾಡಿ, ಡಬ್ಬಿಯಲ್ಲಿ ಐಸು ಹಾಕಿ. "ದೊಡ್ಡವಳಿಗೆ ನೀವೇ ದಾರಿ ತೋರಿಸಿದ್ದು. ಇವಳನ್ನೂ ನಿಮ್ಮ ಕೈಗೆ ಹಾಕ್ತೇನೆ ಮೇಡಂ. ಎಲ್ಲಿಗೆ ಕಳಿಸ್ತೀರೋ ಕಳಿಸಿ" ಎಂದರು.

ಆ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟುಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ. ಹುಡುಗಿಗೆ ಕೊಟ್ಟ ಮಾತು ನೆನಪಿತ್ತು. ಆದರೂ ಹೇಳಿದೆ. ಫೋನು ಬಂದದ್ದು, ನನಗೆ ಅರ್ಥವಾದದ್ದು, ತಡ್ಕೊ ಎಂದದ್ದು, ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿ ಕೂತದ್ದು. ತುಳುವಿನಲ್ಲೇ ಹೇಳಿದ್ದರಿಂದ ಮುಚ್ಚಿಟ್ಟು ಹೇಳಲು ದೊಡ್ಡ ದೊಡ್ಡ ಶಬ್ದಗಳು ಸಿಗಲಿಲ್ಲ.

ತಾಯಿ ಪೂರ್ತಿ ಕೇಳಿದರು. "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಅವಳಿಗೆ ಬೈದೆನಲ್ಲ. ಡ್ರಿಪ್ ಹಾಕಿ ಮಲಗಿದವಳಿಗೆ ನಿಮ್ಮೆದುರೇ ಬೈದೆನಲ್ಲ. ನೀವು ಕೂತು ಕೇಳಿದ್ರಿ."

ಅವರು ಎದ್ದು ಕಿರಿಯವಳ ಕೈ ಹಿಡಿದರು. "ನನಗೆ ಶಾಲೆ ಗೊತ್ತಿಲ್ಲ, ನಿಮ್ಮನ್ನು ನಂಬಿದ್ದು" ಎಂದಷ್ಟೇ ಹೇಳಿ ಹೊರಟರು. ಕಿರಿಯವಳು ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು. ಮೀನಿನ ಡಬ್ಬಿ ಮೇಜಿನ ಮೇಲೆಯೇ ಉಳಿಯಿತು. ಅದನ್ನು ಮನೆಗೆ ಒಯ್ಯಲೂ ಮನಸ್ಸಾಗಲಿಲ್ಲ, ಎಸೆಯಲೂ ಆಗಲಿಲ್ಲ. ಕೊನೆಗೆ ಜವಾನನ ಕೈಯಲ್ಲಿ ಕೊಟ್ಟು, ಡಬ್ಬಿಯನ್ನು ಮಾತ್ರ ತೊಳೆದು ತರಲು ಹೇಳಿದೆ. ಅದು ಇನ್ನೂ ನನ್ನ ಬಳಿ ಇದೆ.

ಹೇಳಿದ್ದರಿಂದ ಮನಸ್ಸು ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಸಂಜೆ ಹುಡುಗಿಯ ಫೋನು ಬಂತು. ಅವಳ ಗಟ್ಟಿ ಗಂಟಲು ವಾಪಸ್ ಬಂದಿತ್ತು.

"ಹೇಳ್ಬೇಡಿ ಅಂತ ಹೇಳಿದ್ದೆ ಅಲ್ವಾ ಮೇಡಂ?"

"ನನ್ನಿಂದ ಆಗ್ಲಿಲ್ಲ ಮಗಾ. ನಿನ್ನಮ್ಮ ನನ್ನನ್ನು ಅಷ್ಟು ನಂಬಿ..."

"ನಿಮ್ಮಿಂದ ಆಗ್ಲಿಲ್ಲ. ಆಗ ನನ್ನಿಂದ ಆಗುದಿಲ್ಲ ಅಂತ ಹೇಳಿದ್ರೆ ನೀವು ತಡ್ಕೊ ಅಂದ್ರಿ. ಈಗ ನಿಮಗೆ ತಡ್ಕೊಳ್ಲಿಕ್ಕೆ ಆಗ್ಲಿಲ್ಲ ಅಂತ ಅಮ್ಮನಿಗೆ ಹೇಳಿದ್ರಿ. ಇಲ್ಲಿ ಮನೇಲಿ ಎಂತ ಆಗ್ತಾ ಉಂಟು ಗೊತ್ತುಂಟಾ? ನಾಳೆಯಿಂದ ಕೆಲಸಕ್ಕೆ ಹೋಗುದೇ ಬೇಡ ಅಂತ ಕೂತಿದ್ದಾರೆ."

ಅವಳು ಫೋನಿಟ್ಟಳು. ಆಡದೆ ಉಳಿದಾಗಲೂ ನನ್ನ ಒಳ್ಳೆಯದನ್ನೇ ನೋಡಿಕೊಂಡೆ, ಆಡಿದಾಗಲೂ ಅದನ್ನೇ. ಅವಳಿಗೆ ಏನು ಬೇಕು ಎಂದು ಎರಡು ಸಲವೂ ಅವಳೇ ಬಾಯಿ ಬಿಟ್ಟು ಹೇಳಿದ್ದಳು. ಇಷ್ಟು ವರ್ಷ ಹೆಂಗಸರ ಮಾತಿಗೆ ಬೆಲೆ ಸಿಗಬೇಕು ಎಂದು ಪಾಠ ಹೇಳಿದವಳು, ಎದುರಿಗಿದ್ದ ಒಬ್ಬಳ ಮಾತನ್ನು ಎರಡು ಸಲವೂ ಬದಿಗೆ ಸರಿಸಿದ್ದೆ.

ಅವಳ ಮನೆಯ ಜಗಳ ವಾರಗಟ್ಟಲೆ ನಡೆಯಿತಂತೆ. ಬೋಟಿನಿಂದ ಬಂದ ಅಪ್ಪ ಮಗಳ ಪರವಾಗಿ ನಿಂತರು, ಅವಳ ಕೆಲಸ ಉಳಿಯಿತು. ಕಿರಿಯವಳು ನಗರದ ಇನ್ನೊಂದು ಕಾಲೇಜಿಗೆ ಸೇರಿದಳು. ಇದೆಲ್ಲ ನನಗೆ ಗೊತ್ತಾದದ್ದು ಅವಳ ಸಹಪಾಠಿಯಿಂದ. ಒಂದೆರಡು ಸಲ ನಾನೇ ಫೋನು ಮಾಡಿದೆ, ಅವಳು ಎತ್ತಲಿಲ್ಲ. ಆಮೇಲೆ ಮಾಡುವುದನ್ನು ಬಿಟ್ಟೆ. ಕ್ಷಮಿಸು ಎಂದು ಬೆನ್ನು ಹತ್ತುವುದೂ ಅವಳ ತಲೆಗೆ ನನ್ನ ಹೊರೆ ಏರಿಸಿದ ಹಾಗೆಯೇ ಅನ್ನಿಸಿತು.

ಕಾಲೇಜಿನಲ್ಲಿ ಒಂದು ಬದಲಾವಣೆ ಮಾಡಿದೆ. ಯಾವ ಕಂಪನಿಯೇ ಬರಲಿ, ನಮ್ಮಲ್ಲಿನ ಇಬ್ಬರು ಮೊದಲು ಆ ಜಾಗಕ್ಕೆ ಹೋಗಿ ಸಂಜೆಯ ತನಕ ಇದ್ದು ಬರಬೇಕು. ಒಬ್ಬಳನ್ನೇ ಎಲ್ಲಿಗೂ ಕಳುಹಿಸುವುದಿಲ್ಲ. ಇದರಿಂದ ಒಂದೆರಡು ಕಂಪನಿ ಕೈತಪ್ಪಿತೆಂದು ಮಂಡಳಿಯವರಿಗೆ ಅಸಮಾಧಾನವಿದೆ. ಹಳೆಯ ಪಾಠವನ್ನು ಬಿಟ್ಟಿದ್ದೇನೆ. ಆದರೆ ಅದನ್ನು ಬರೆದುಕೊಂಡು ಹೋದ ಹುಡುಗಿಯರು ಎಲ್ಲೆಲ್ಲಿ ಬಾಯಾರಿ ಕೂತಿದ್ದಾರೋ, ಬರೆದುಕೊಂಡು ಹೋದ ಹುಡುಗರು ಯಾವ ಯಾವ ಆಫೀಸಿನ ಮುಖ್ಯಸ್ಥರಾಗಿದ್ದಾರೋ, ಅವರನ್ನೆಲ್ಲ ಹುಡುಕಿ ಹೇಳುವುದು ನನ್ನಿಂದಾಗದ ಕೆಲಸ.

ಕಳೆದ ತಿಂಗಳು ನಾನು ಕಾಲೇಜಿನಿಂದ ಹೊರಡುವ ಹೊತ್ತಿಗೆ ಅವಳ ಫೋನು ಬಂತು. ಹಿಂದೆ ಬಸ್ಸಿನ ಕಂಡಕ್ಟರುಗಳ ಕೂಗು ಕೇಳುತ್ತಿತ್ತು. ಹೇಗಿದ್ದೀರಿ ಎಂದೂ ಕೇಳದೆ ನೇರ ವಿಷಯಕ್ಕೆ ಬಂದಳು.

"ಮೇಡಂ, ಹಡಗು ಬಂದ ದಿನ ನಮ್ಮಲ್ಲಿ ಕೆಲಸ ಮುಗಿಯುವಾಗ ಲೇಟ್ ಆಗ್ತದೆ. ನಾವು ನಾಲ್ಕೈದು ಹೆಂಗಸರು ಇದ್ದೇವೆ. ಮನೆಗೆ ಬಿಡ್ಲಿಕ್ಕೆ ಗಾಡಿ ಕೊಡ್ಬೇಕು ಅಂತ ಕೇಳುದು. ಕಾನೂನಲ್ಲಿ ಎಂತ ಉಂಟು, ಸ್ವಲ್ಪ ಹೇಳಿ."

ನನಗೆ ಗೊತ್ತಿದ್ದದ್ದನ್ನು ನಿಧಾನವಾಗಿ ಹೇಳಿದೆ. ಗೊತ್ತಿಲ್ಲದ ಒಂದು ಸಂಗತಿಯನ್ನು ಗೊತ್ತಿಲ್ಲ, ವಕೀಲರಲ್ಲಿ ಕೇಳಿ ತಿಳಿಸುತ್ತೇನೆ ಎಂದೆ. ಅವಳು ನಡುನಡುವೆ "ಹಾಂ", "ಹಾಂ" ಎನ್ನುತ್ತಿದ್ದಳು.

"ನಿಮ್ಮ ಮ್ಯಾನೇಜರರ ಹತ್ತಿರ ನಾನು ಮಾತಾಡ್ಬೇಕಾ?" ಎಂದು ಕೇಳಿದೆ.

"ಬೇಡ ಮೇಡಂ. ನಾವೇ ಹೋಗಿ ಕೇಳ್ತೇವೆ. ಎಲ್ಲರೂ ಒಟ್ಟಿಗೆ."

"ಅಮ್ಮ ಹೇಗಿದ್ದಾರೆ?"

"ಇದ್ದಾರೆ" ಎಂದಳು. ಆಮೇಲೆ, "ಸುರತ್ಕಲ್ ಬಸ್ಸು ಬಂತು, ಇಡ್ತೇನೆ" ಎಂದು ಫೋನಿಟ್ಟಳು. ನಾನು ಆಫೀಸಿಗೆ ವಾಪಸ್ ಹೋಗಿ ದೀಪ ಹಾಕಿ, ವಕೀಲರ ನಂಬರು ಹುಡುಕಿದೆ.